ಮಿದುಳಿನ ಅಪಧಮನಿಗಳ ಜನ್ಮಜಾತ ದೋಷಗಳು ಮತ್ತು ಪಾರ್ಶ್ವವಾಯು: ಪದೇ ಪದೇ ಕೇಳುವ ಪ್ರಶ್ನೆಗಳು

ಪಾರ್ಶ್ವವಾಯು ಎಂದೊಡನೆ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ ಇವೇ ನೆನಪಿಗೆ ಬರುತ್ತವೆ. ಇವಾವುವೂ ಇಲ್ಲದ ಮಗುವಿಗೋ ಎಳೆ ವಯಸ್ಸಿನವರಿಗೋ ಪಾರ್ಶ್ವವಾಯು ಬಡಿದಾಗ ಕಾರಣವನ್ನು ಹುಡುಕುತ್ತಾ ಹೋದರೆ, ಎಷ್ಟೋ ಸಲ ಮಿದುಳಿನ ರಕ್ತನಾಳಗಳು ರೂಪುಗೊಂಡ ಬಗೆಯಲ್ಲೇ ದೋಷವಿರುವುದು ಕಾಣುತ್ತದೆ. ಇನ್ನೊಂದೆಡೆ, ಬೇರಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಇಂಥದೊಂದು ವ್ಯತ್ಯಾಸ ಅಕಸ್ಮಾತ್ತಾಗಿ ಕಂಡು, ಯಾವ ತೊಂದರೆಯೂ ಇಲ್ಲದವರು ನಿದ್ದೆಗೆಡುವುದೂ ಉಂಟು. ಈ ಎರಡೂ ಬಗೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಉತ್ತರಗಳನ್ನು ಬರೆಯಲಾಗಿದೆ. ನಿಮ್ಮ ಸ್ಕ್ಯಾನನ್ನು ಕಣ್ಣಾರೆ ನೋಡಿದ ನರತಜ್ಞರ ಮಾತು ಇಲ್ಲಿಯ ಯಾವ ಸಾಮಾನ್ಯ ಮಾತಿಗಿಂತಲೂ ದೊಡ್ಡದು.

ಮಿದುಳಿಗೆ ರಕ್ತ ಹೇಗೆ ತಲುಪುತ್ತದೆ?

ಕತ್ತಿನ ಮುಂಭಾಗದಲ್ಲಿ ಎರಡು ಕೆರೋಟಿಡ್ ಅಪಧಮನಿಗಳು, ಬೆನ್ನುಮೂಳೆಯ ರಂಧ್ರಗಳ ಮೂಲಕ ಹತ್ತುವ ಎರಡು ವರ್ಟಿಬ್ರಲ್ ಅಪಧಮನಿಗಳು, ಒಟ್ಟು ನಾಲ್ಕು ನಾಳಗಳು ಮಿದುಳಿಗೆ ರಕ್ತ ಒಯ್ಯುತ್ತವೆ. ಹಿಂದಿನ ಎರಡು ನಾಳಗಳು ತಲೆಬುರುಡೆಯೊಳಗೆ ಕೂಡಿಕೊಂಡು ಬೇಸಿಲರ್ ಎಂಬ ಒಂದೇ ನಾಳವಾಗುತ್ತವೆ. ಮುಂದಿನ ಹಾಗೂ ಹಿಂದಿನ ವ್ಯವಸ್ಥೆಗಳನ್ನು ಮಿದುಳಿನ ತಳದಲ್ಲಿ ಸಣ್ಣ ಸಂಪರ್ಕ ನಾಳಗಳು ಒಂದು ವೃತ್ತದ ಆಕಾರದಲ್ಲಿ ಜೋಡಿಸುತ್ತವೆ. 1664ರಲ್ಲಿ ಇದನ್ನು ವಿವರವಾಗಿ ವರ್ಣಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಅವರ ಹೆಸರಿನಿಂದ ಇದನ್ನು ವಿಲ್ಲಿಸ್ ವೃತ್ತ ಎನ್ನುತ್ತಾರೆ. ಒಂದು ನಾಳ ಮುಚ್ಚಿಹೋದರೆ ಇನ್ನೊಂದು ದಾರಿಯಿಂದ ರಕ್ತ ಬರಲು ಈ ವೃತ್ತ ಅವಕಾಶ ಮಾಡಿಕೊಡುತ್ತದೆ.

ಈ ವೃತ್ತವನ್ನು ಪಠ್ಯಪುಸ್ತಕಗಳಲ್ಲಿ ಪೂರ್ಣವಾಗಿ, ಎರಡೂ ಕಡೆ ಸಮವಾಗಿ ಬರೆದಿರುತ್ತಾರೆ. ಆದರೆ ಹಾಗೆ ಎಲ್ಲ ಭಾಗಗಳೂ ಸರಿಯಾದ ಗಾತ್ರದಲ್ಲಿರುವ ವೃತ್ತ ಅರ್ಧಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಇರುತ್ತದೆ. ಮುಂದಿನದನ್ನೆಲ್ಲ ಓದುವಾಗ ಈ ಒಂದು ಸಂಗತಿ ನೆನಪಿನಲ್ಲಿರಲಿ.

ನನ್ನ ಎಂ.ಆರ್. ಆಂಜಿಯೋಗ್ರಾಂ ವರದಿಯಲ್ಲಿ ಒಂದು ಅಪಧಮನಿ "ಹೈಪೋಪ್ಲಾಸ್ಟಿಕ್" ಎಂದು ಬರೆದಿದ್ದಾರೆ. ನನಗೆ ಪಾರ್ಶ್ವವಾಯು ಬರುತ್ತದೆಯೇ?

ಬಹುಮಟ್ಟಿಗೆ ಇಲ್ಲ. ಆ ನಾಳ ಹುಟ್ಟಿನಿಂದಲೇ ಸಣ್ಣದಾಗಿ ಬೆಳೆದಿದೆ ಎಂಬುದಷ್ಟೇ ಆ ಮಾತಿನ ತಾತ್ಪರ್ಯ. ಅದು ರೋಗದಿಂದ ಕಿರಿದಾಗಿದೆ ಎಂದಲ್ಲ. ಎರಡು ವರ್ಟಿಬ್ರಲ್ ಅಪಧಮನಿಗಳ ಪೈಕಿ ಒಂದು ದಪ್ಪ, ಒಂದು ಸಪೂರ ಇರುವುದು ತೀರಾ ಸಾಮಾನ್ಯ, ಅದರಲ್ಲೂ ಎಡಗಡೆಯದು ದಪ್ಪವಾಗಿರುವುದೇ ಹೆಚ್ಚು. ಹಿಂದಿನ ಸಂಪರ್ಕ ನಾಳಗಳಂತೂ ಎಷ್ಟೋ ಜನರಲ್ಲಿ ಎಳೆಯಷ್ಟು ಸಣ್ಣದಾಗಿರುತ್ತವೆ, ಇಲ್ಲವೇ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. ರೇಡಿಯಾಲಜಿಸ್ಟರು ಕಂಡದ್ದನ್ನೆಲ್ಲ ದಾಖಲಿಸುತ್ತಾರೆ, ಅದು ಅವರ ಕೆಲಸ. ಆದರೆ ವರದಿಯನ್ನು ಹಿಡಿದುಕೊಂಡು ಅಂತರ್ಜಾಲದಲ್ಲಿ ಒಂದೊಂದೇ ಪದವನ್ನು ಹುಡುಕುತ್ತಾ ಕೂರುವವರಿಗೆ ದಾಖಲೆಗೂ ರೋಗನಿರ್ಣಯಕ್ಕೂ ನಡುವಿನ ಅಂತರವನ್ನು ಯಾರೂ ಹೇಳಿರುವುದಿಲ್ಲ.

ಇಲ್ಲಿ ನಿಜವಾಗಿಯೂ ಕೇಳಬೇಕಾದ ಪ್ರಶ್ನೆ ಬೇರೆ: ಈ ನಾಳ ಹುಟ್ಟಿನಿಂದ ಸಣ್ಣದೋ ಅಥವಾ ಕೊಬ್ಬು ಕಟ್ಟಿಯೋ ಗೋಡೆ ಸೀಳಿಯೋ ಈಚೆಗೆ ಕಿರಿದಾಯಿತೋ? ಮೊದಲಿನಿಂದ ಸಣ್ಣದಾಗಿದ್ದರೆ ಅದು ಉದ್ದಕ್ಕೂ ಒಂದೇ ಸಮನೆ ಸಪೂರವಾಗಿರುತ್ತದೆ, ವರ್ಟಿಬ್ರಲ್ ನಾಳವಾದರೆ ಅದು ಹಾದುಹೋಗುವ ಮೂಳೆಯ ರಂಧ್ರಗಳೂ ಸಾಮಾನ್ಯವಾಗಿ ಚಿಕ್ಕದಾಗಿರುತ್ತವೆ. ಕತ್ತು ನೋವಿನ ಜೊತೆಗೆ ಈಚೆಗೆ ತಲೆಸುತ್ತು, ನಡಿಗೆಯಲ್ಲಿ ತೂರಾಟ ಶುರುವಾಗಿದ್ದರೆ "ಜನ್ಮಜಾತ" ಎಂದು ಸುಮ್ಮನಾಗದೆ ಗೋಡೆ ಸೀಳಿರುವ ಸಾಧ್ಯತೆಯನ್ನು ಪರೀಕ್ಷಿಸಿ ನೋಡಲೇಬೇಕು.

ಹಾಗಾದರೆ ಇಂಥ ವ್ಯತ್ಯಾಸಗಳಿಂದ ಯಾವ ಪರಿಣಾಮವೂ ಇಲ್ಲವೇ?

ಇದೆ, ಆದರೆ ಅದು ಸಾಮಾನ್ಯವಾಗಿ ಇನ್ನೊಂದು ರೋಗ ಬಂದು ಸೇರಿದಾಗ ಹೊರಬೀಳುತ್ತದೆ. ವಿಲ್ಲಿಸ್ ವೃತ್ತ ಅಪೂರ್ಣವಾಗಿರುವ ವ್ಯಕ್ತಿ ಐವತ್ತು ವರ್ಷ ಆರೋಗ್ಯವಾಗಿರಬಹುದು. ಮುಂದೆ ಕೆರೋಟಿಡ್ ಅಪಧಮನಿಯಲ್ಲಿ ಕೊಬ್ಬು ಕಟ್ಟಿ ಅದು ಮುಚ್ಚಿಕೊಂಡಾಗ ಬದಲಿ ದಾರಿ ಇಲ್ಲದ್ದರಿಂದ ಅವನ ಮಿದುಳಿಗೆ ಆಗುವ ಹಾನಿ ಹೆಚ್ಚಾಗಬಹುದು. ಕೆರೋಟಿಡ್ ಶಸ್ತ್ರಚಿಕಿತ್ಸೆಯಲ್ಲಿ ನಾಳವನ್ನು ಕೆಲ ಹೊತ್ತು ಹಿಡಿದು ನಿಲ್ಲಿಸಬೇಕಾಗುವುದರಿಂದ ಶಸ್ತ್ರವೈದ್ಯರಿಗೂ ಈ ಮಾಹಿತಿ ಬೇಕಾಗುತ್ತದೆ.

ಕೆಲವು ವ್ಯತ್ಯಾಸಗಳು ರೋಗವನ್ನು ತಂದೊಡ್ಡುವುದಕ್ಕಿಂತ ಹೆಚ್ಚಾಗಿ ವೈದ್ಯರ ದಿಕ್ಕು ತಪ್ಪಿಸುತ್ತವೆ. ಭ್ರೂಣದಲ್ಲಿ ಮಿದುಳಿನ ಹಿಂಭಾಗಕ್ಕೂ ರಕ್ತ ಬರುವುದು ಮುಂದಿನ ಕೆರೋಟಿಡ್ ನಾಳದಿಂದಲೇ. ಬೆಳೆಯುತ್ತಾ ಆ ಜವಾಬ್ದಾರಿ ಬೇಸಿಲರ್ ನಾಳಕ್ಕೆ ವರ್ಗವಾಗುತ್ತದೆ. ಕೆಲವರಲ್ಲಿ ಈ ವರ್ಗಾವಣೆ ಆಗುವುದೇ ಇಲ್ಲ. ಅಂಥವರಿಗೆ ದೃಷ್ಟಿಯ ಒಂದು ಪಾರ್ಶ್ವ ಹಠಾತ್ತನೆ ಮಾಯವಾದರೆ, ಹಿಂದಿನ ನಾಳಗಳನ್ನು ಶೋಧಿಸಿ ಏನೂ ಸಿಗದೆ ಹೋಗಬಹುದು. ಹೆಪ್ಪು ಹೊರಟಿದ್ದು ಕತ್ತಿನ ಮುಂಭಾಗದ ಕೆರೋಟಿಡ್ ನಾಳದಿಂದಾಗಿರುತ್ತದೆ.

ಇನ್ನೊಂದು ಉದಾಹರಣೆ ಪರ್ಶೆರಾನ್ ಅಪಧಮನಿ. ಮಿದುಳಿನ ಆಳದಲ್ಲಿರುವ ಎಡ ಮತ್ತು ಬಲ ಥಲಾಮಸ್‌ಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಸಣ್ಣ ನಾಳಗಳು ರಕ್ತ ಕೊಡುತ್ತವೆ. ಕೆಲವರಲ್ಲಿ ಮಾತ್ರ ಒಂದೇ ಕಾಂಡ ಕವಲೊಡೆದು ಎರಡೂ ಕಡೆಗೆ ಹೋಗುತ್ತದೆ. ಕೂದಲೆಳೆಯಂಥ ಈ ಒಂದು ನಾಳ ಮುಚ್ಚಿದರೆ ಎರಡೂ ಥಲಾಮಸ್‌ಗಳು ಒಟ್ಟಿಗೇ ಪೆಟ್ಟು ತಿನ್ನುತ್ತವೆ. ಆಗ ಬಾಯಿ ಸೊಟ್ಟಗಾಗುವುದಿಲ್ಲ, ಕೈಕಾಲು ಬೀಳದೆಯೂ ಇರಬಹುದು. ವ್ಯಕ್ತಿ ವಿಪರೀತ ನಿದ್ದೆಗೆ ಜಾರುತ್ತಾನೆ, ಎಬ್ಬಿಸಿದರೆ ಗೊಂದಲದಲ್ಲಿ ಮಾತಾಡುತ್ತಾನೆ, ಕಣ್ಣುಗುಡ್ಡೆಯನ್ನು ಮೇಲಕ್ಕೂ ಕೆಳಕ್ಕೂ ಹೊರಳಿಸಲು ಆಗುವುದಿಲ್ಲ, ನೆನಪು ಮಸುಕಾಗಿರುತ್ತದೆ. ಮೊದಲ ಸಿ.ಟಿ. ಸ್ಕ್ಯಾನ್ ಸರಿಯಾಗಿಯೇ ಕಾಣುವುದರಿಂದ ವಿಷಸೇವನೆ, ನಿದ್ದೆಮಾತ್ರೆ, ಮಾನಸಿಕ ತೊಂದರೆ ಎಂದೆಲ್ಲ ಅನುಮಾನ ಹೋಗಿ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಕಾರಣವಿಲ್ಲದೆ ಹಠಾತ್ತನೆ ಆವರಿಸುವ ಮಂಪರು ಕೂಡ ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು ಎಂಬುದನ್ನು ಮನೆಯವರು ತಿಳಿದಿರಬೇಕು.

ಕೆಲವರಿಗೆ ಕೆರೋಟಿಡ್ ಅಪಧಮನಿಯೇ ಇರುವುದಿಲ್ಲವೆಂದು ಕೇಳಿದ್ದೇವೆ. ಅದು ಸಾಧ್ಯವೇ?

ಸಾಧ್ಯ, ಆದರೆ ಬಹಳ ಅಪರೂಪ. ತಲೆಬುರುಡೆಯ ತಳದಲ್ಲಿ ಕೆರೋಟಿಡ್ ಹಾದುಹೋಗುವ ಮೂಳೆಯ ಸುರಂಗವೊಂದಿದೆ. ಭ್ರೂಣದಲ್ಲಿ ನಾಳ ಮೊದಲು ಮೂಡಿ, ಅದರ ಸುತ್ತ ಮೂಳೆ ಬೆಳೆಯುತ್ತದೆ. ನಾಳವೇ ಮೂಡದಿದ್ದರೆ ಸುರಂಗವೂ ಮೂಡುವುದಿಲ್ಲ. ಹಾಗಾಗಿ ಸಿ.ಟಿ.ಯಲ್ಲಿ ಸುರಂಗ ಇದೆಯೋ ಇಲ್ಲವೋ ನೋಡಿದರೆ, ನಾಳ ಹುಟ್ಟಿನಿಂದಲೇ ಇರಲಿಲ್ಲವೋ ಅಥವಾ ಆಮೇಲೆ ಮುಚ್ಚಿಹೋಯಿತೋ ಎಂಬುದು ತೀರ್ಮಾನವಾಗುತ್ತದೆ. ಇಂಥವರಲ್ಲಿ ಅನೇಕರಿಗೆ ಯಾವ ತೊಂದರೆಯೂ ಇರುವುದಿಲ್ಲ. ಆದರೆ ಉಳಿದ ನಾಳಗಳ ಮೇಲೆ ರಕ್ತದ ಹೊರೆ ಹೆಚ್ಚಾಗುವುದರಿಂದ ಅವುಗಳಲ್ಲಿ ಅನ್ಯೂರಿಸಂ (ನಾಳದ ಗೋಡೆಯ ಗುಳ್ಳೆಯಂಥ ಉಬ್ಬು) ಮೂಡುವ ಸಾಧ್ಯತೆ ಹೆಚ್ಚು, ಆದ್ದರಿಂದ ಆ ದೃಷ್ಟಿಯಿಂದ ಒಮ್ಮೆ ಪೂರ್ಣ ಪರೀಕ್ಷೆ ಅಗತ್ಯ.

ಎ.ವಿ.ಎಂ. ಎಂದರೇನು? ಅದು ಏಕೆ ಒಡೆಯುತ್ತದೆ?

ಅಪಧಮನಿಯಿಂದ ರಕ್ತ ಸೂಕ್ಷ್ಮವಾದ ಲೋಮನಾಳಗಳಿಗೆ ಹರಡಿ, ಅಲ್ಲಿ ಒತ್ತಡ ಕಳೆದುಕೊಂಡು, ಬಳಿಕ ಅಭಿಧಮನಿಗೆ ಸೇರುವುದು ಕ್ರಮ. ಎ.ವಿ.ಎಂ. ಎಂದು ಕರೆಯುವ ದೋಷದಲ್ಲಿ ನಡುವಿನ ಲೋಮನಾಳಗಳೇ ಇರುವುದಿಲ್ಲ; ಅಪಧಮನಿಗಳು ಗಂಟುಗಂಟಾದ ನಾಳಗಳ ಮೂಲಕ ನೇರವಾಗಿ ಅಭಿಧಮನಿಗಳಿಗೆ ಕೂಡಿಕೊಳ್ಳುತ್ತವೆ. ಕಾಲುವೆಯ ನೀರು ಗದ್ದೆಗೆ ಹರಡದೆ ಒಡ್ಡು ಮುರಿದು ನೇರವಾಗಿ ಹಳ್ಳಕ್ಕೆ ನುಗ್ಗಿದಂತೆ ಇದು: ಹಳ್ಳದ ದಡ ಆ ರಭಸಕ್ಕೆ ಕೊಚ್ಚುತ್ತದೆ, ಗದ್ದೆಯೂ ಒಣಗುತ್ತದೆ. ತೆಳುಗೋಡೆಯ ಅಭಿಧಮನಿಗಳು ಅಪಧಮನಿಯ ಒತ್ತಡವನ್ನು ತಾಳಲಾರದೆ ಒಡೆದರೆ ಮಿದುಳಿನೊಳಗೆ ರಕ್ತಸ್ರಾವವಾಗುತ್ತದೆ. ಕೆಲವೊಮ್ಮೆ ಒಡೆಯುವುದು ಗಂಟಿಗೆ ರಕ್ತ ತರುವ ನಾಳದಲ್ಲಿ ಉಬ್ಬಿಕೊಂಡ ಅನ್ಯೂರಿಸಂ.

ಒಡೆಯುವುದಕ್ಕೆ ಮೊದಲೇ ಕೆಲವರಿಗೆ ಫಿಟ್ಸ್ ಬರುತ್ತದೆ, ಕೆಲವರಿಗೆ ಒಂದೇ ಬದಿಯ ತಲೆನೋವು ಇರುತ್ತದೆ, ಕಿವಿಯಲ್ಲಿ ನಾಡಿ ಬಡಿತದ ಜೊತೆಗೇ ಝೇಂಕಾರ ಕೇಳುವವರೂ ಇದ್ದಾರೆ. ಇನ್ನು ಕೆಲವರಿಗೆ ರಕ್ತಸ್ರಾವವೇ ಮೊದಲ ಲಕ್ಷಣ.

ಇದನ್ನು ಜನ್ಮಜಾತ ಎಂದು ಕರೆಯುವುದು ರೂಢಿ. ಆದರೆ ಹಿಂದಿನ ಸ್ಕ್ಯಾನಿನಲ್ಲಿ ಇಲ್ಲದ ಎ.ವಿ.ಎಂ. ಮುಂದಿನ ಸ್ಕ್ಯಾನಿನಲ್ಲಿ ಕಾಣಿಸಿಕೊಂಡ ಪ್ರಕರಣಗಳೂ ಇವೆ. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅನೇಕ ಎ.ವಿ.ಎಂ.ಗಳ ನಾಳದ ಒಳಪದರದ ಜೀವಕೋಶಗಳಲ್ಲಿ ಮಾತ್ರ ಕೆ-ರ‍್ಯಾಸ್ ಎಂಬ ಜೀನಿನ ಬದಲಾವಣೆಯನ್ನು ಗುರುತಿಸಿತು; ಈ ಬದಲಾವಣೆ ತಂದೆ ತಾಯಿಯಿಂದ ಬಂದದ್ದಲ್ಲ. ಗರ್ಭಿಣಿಯಾಗಿದ್ದಾಗ ತಾನೇನೋ ತಪ್ಪು ಮಾಡಿದ್ದರಿಂದ ಮಗುವಿಗೆ ಹೀಗಾಯಿತು ಎಂದು ತಾಯಿ ಕೊರಗಲು ಇಲ್ಲಿ ಯಾವ ಆಧಾರವೂ ಇಲ್ಲ.

ಎ.ವಿ.ಎಂ. ಇದ್ದರೆ ರಕ್ತಸ್ರಾವ ಆಗುವ ಸಾಧ್ಯತೆ ಎಷ್ಟು?

ಎಲ್ಲ ಬಗೆಗಳನ್ನೂ ಸೇರಿಸಿ ನೋಡಿದರೆ ವರ್ಷಕ್ಕೆ ಸುಮಾರು ಶೇ. 2ರಿಂದ 4. ಒಮ್ಮೆಯೂ ಒಡೆಯದವುಗಳಲ್ಲಿ ಇದು ಕೆಳಗಿನ ಅಂಚಿನ ಕಡೆಗಿರುತ್ತದೆ; ಒಮ್ಮೆ ಒಡೆದವುಗಳಲ್ಲಿ ಹೆಚ್ಚು, ಅದರಲ್ಲೂ ಒಡೆದ ಮೊದಲ ವರ್ಷದಲ್ಲಿ ಇನ್ನೂ ಹೆಚ್ಚು. ಗಂಟು ಮಿದುಳಿನ ಆಳದಲ್ಲಿದ್ದರೆ, ರಕ್ತ ಹೊರಹೋಗುವುದು ಆಳದ ಅಭಿಧಮನಿಗಳ ಮೂಲಕ ಮಾತ್ರವಾಗಿದ್ದರೆ, ಅಥವಾ ಜೊತೆಗೆ ಅನ್ಯೂರಿಸಂ ಇದ್ದರೆ ಅಪಾಯ ಏರುತ್ತದೆ.

ವರ್ಷಕ್ಕೆ ಶೇ. 2 ಎಂದರೆ ಅರವತ್ತೈದು ವರ್ಷದವರ ಕಿವಿಗೆ ಒಂದು ಬಗೆ, ಹದಿನೈದರ ಹುಡುಗಿಯ ತಂದೆ ತಾಯಿಗೆ ಇನ್ನೊಂದು ಬಗೆ. ಪ್ರತಿ ವರ್ಷವೂ ಅಷ್ಟೇ ಅಪಾಯವೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಮುಂದಿನ 30 ವರ್ಷಗಳಲ್ಲಿ ಒಮ್ಮೆಯಾದರೂ ಒಡೆಯುವ ಸಾಧ್ಯತೆ ಸುಮಾರು ಶೇ. 45 ಆಗುತ್ತದೆ, ವರ್ಷಕ್ಕೆ ಶೇ. 3 ಆದರೆ ಸುಮಾರು ಶೇ. 60. ಒಂದೇ ಗಾತ್ರದ, ಒಂದೇ ಜಾಗದ ದೋಷಕ್ಕೆ ವೈದ್ಯರು ಒಬ್ಬರಿಗೆ ಶಸ್ತ್ರಚಿಕಿತ್ಸೆ, ಇನ್ನೊಬ್ಬರಿಗೆ ಸುಮ್ಮನೆ ಗಮನಿಸುತ್ತಿರುವುದು ಎಂದು ಹೇಳುವುದರ ಹಿಂದೆ ಇರುವುದು ಬಹುತೇಕ ಈ ಗಣಿತವೇ.

ಒಡೆಯದ ಎ.ವಿ.ಎಂ.ಗೆ ಚಿಕಿತ್ಸೆ ಬೇಡವೆಂದು ಒಬ್ಬ ವೈದ್ಯರು, ಬೇಕೆಂದು ಇನ್ನೊಬ್ಬರು ಹೇಳುತ್ತಾರೆ. ಯಾರನ್ನು ನಂಬುವುದು?

ಇಬ್ಬರೂ ಪ್ರಾಮಾಣಿಕರಾಗಿರಬಹುದು. ಅರೂಬಾ ಎಂಬ ಹೆಸರಿನ ಅಂತರರಾಷ್ಟ್ರೀಯ ಅಧ್ಯಯನ ಒಡೆಯದ ಎ.ವಿ.ಎಂ. ಇರುವವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ ಹಾಗೂ ನಿಗಾ ಮಾತ್ರ, ಇನ್ನೊಂದಕ್ಕೆ ಅದರ ಜೊತೆಗೆ ದೋಷವನ್ನು ತೆಗೆಯುವ ಚಿಕಿತ್ಸೆಯನ್ನೂ ಕೊಟ್ಟು ಹೋಲಿಸಿತು. ಸರಾಸರಿ 33 ತಿಂಗಳ ಅವಧಿಯಲ್ಲಿ ಸಾವು ಅಥವಾ ಪಾರ್ಶ್ವವಾಯು ಔಷಧಿಯ ಗುಂಪಿನಲ್ಲಿ ಶೇ. 10ರಷ್ಟು, ಚಿಕಿತ್ಸೆಯ ಗುಂಪಿನಲ್ಲಿ ಶೇ. 30ರಷ್ಟು ಮಂದಿಗೆ ಆಯಿತು, ಆದ್ದರಿಂದ 2013ರಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಲಾಯಿತು. ಟೀಕೆಗಳೂ ಬಂದವು: ಚಿಕಿತ್ಸೆಯ ಅಪಾಯ ಆರಂಭದಲ್ಲೇ ಎದುರಾಗುತ್ತದೆ, ಅದರ ಲಾಭ ದಶಕಗಳ ಮೇಲೆ ಹರಡಿರುತ್ತದೆ, ಮೂರು ವರ್ಷದ ಲೆಕ್ಕ ಎಳೆಯರಿಗೆ ಎಷ್ಟು ಅನ್ವಯಿಸುತ್ತದೆ? ಸುಲಭವಾಗಿ ತೆಗೆಯಬಹುದಾದ ಸಣ್ಣ ಗಂಟುಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದವರ ಸಂಖ್ಯೆಯೂ ಆ ಅಧ್ಯಯನದಲ್ಲಿ ಕಡಿಮೆಯಿತ್ತು. ನನ್ನ ಅಭಿಪ್ರಾಯದಲ್ಲಿ ಈ ಟೀಕೆಗಳಲ್ಲಿ ಹುರುಳಿದೆ, ಆದರೂ "ಕಂಡೊಡನೆ ತೆಗೆಸಿಬಿಡಿ" ಎಂಬ ಹಳೆಯ ಅವಸರಕ್ಕೆ ಆ ಅಧ್ಯಯನ ಹಾಕಿದ ಕಡಿವಾಣ ಒಳ್ಳೆಯದೇ ಆಯಿತು.

ತೀರ್ಮಾನಕ್ಕೆ ನೆರವಾಗುವ ಅಳತೆಗೋಲು 1986ರ ಸ್ಪೆಟ್ಜ್‌ಲರ್-ಮಾರ್ಟಿನ್ ಶ್ರೇಣಿ. ಗಂಟು 3 ಸೆಂಟಿಮೀಟರಿಗಿಂತ ಚಿಕ್ಕದೋ, 6ಕ್ಕಿಂತ ದೊಡ್ಡದೋ, ನಡುವಿನದೋ. ಮಾತು, ಚಲನೆ, ದೃಷ್ಟಿಯಂಥ ಮುಖ್ಯ ಕೆಲಸಗಳ ಜಾಗದಲ್ಲಿದೆಯೋ. ರಕ್ತ ಆಳದ ಅಭಿಧಮನಿಗೆ ಹೋಗುತ್ತದೆಯೋ ಎಂಬ ಮೂರು ಅಂಶಗಳಿಗೆ ಅಂಕ ಕೊಟ್ಟು 1ರಿಂದ 5ರವರೆಗೆ ಶ್ರೇಣಿ ಹೇಳುತ್ತಾರೆ. 1 ಮತ್ತು 2ನೇ ಶ್ರೇಣಿಯವಕ್ಕೆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಸುರಕ್ಷಿತ. 4 ಮತ್ತು 5ನೆಯವನ್ನು ವಿಶೇಷ ಕಾರಣವಿಲ್ಲದೆ ಮುಟ್ಟದಿರುವುದೇ ಹೆಚ್ಚು. ಗಾಮಾ ನೈಫ್‌ನಂಥ ವಿಕಿರಣ ಚಿಕಿತ್ಸೆ ತಲೆ ತೆರೆಯದೆಯೇ ಸಣ್ಣ ಗಂಟುಗಳನ್ನು ಮುಚ್ಚಬಲ್ಲದು, ಆದರೆ ಮುಚ್ಚಲು 2ರಿಂದ 3 ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಒಡೆಯುವ ಅಪಾಯ ಉಳಿದೇ ಇರುತ್ತದೆ. ಈ ಕೊನೆಯ ಮಾತನ್ನು ರೋಗಿಗಳು ಎಷ್ಟೋ ಸಲ ಕೇಳಿಸಿಕೊಂಡಿರುವುದಿಲ್ಲ. ತೊಡೆ ಅಥವಾ ಮಣಿಕಟ್ಟಿನ ನಾಳದಿಂದ ಸಪೂರ ಕೊಳವೆ ತೂರಿಸಿ ಅಂಟಿನಂಥ ದ್ರವ ತುಂಬುವ ಎಂಬೊಲೈಸೇಶನ್ ಅನ್ನು ಬಹುಮಟ್ಟಿಗೆ ಈ ಎರಡಕ್ಕೆ ಪೂರಕವಾಗಿ ಬಳಸುತ್ತಾರೆ.

ಅನ್ಯೂರಿಸಂ ಹುಟ್ಟಿನಿಂದಲೇ ಬರುವುದೇ?

ಅಪಧಮನಿಯ ಗೋಡೆ ಒಂದು ಕಡೆ ದುರ್ಬಲವಾಗಿ ಗುಳ್ಳೆಯಂತೆ ಉಬ್ಬುವುದೇ ಅನ್ಯೂರಿಸಂ. ನಾಳಗಳು ಕವಲೊಡೆಯುವ ಜಾಗದಲ್ಲಿ ಗೋಡೆಯ ಸ್ನಾಯುಪದರ ಹುಟ್ಟಿನಿಂದಲೇ ತೆಳುವಾಗಿರುವುದು ಇದಕ್ಕೆ ಕಾರಣವೆಂದು ಹಿಂದೆ ಭಾವಿಸಿದ್ದರು. ಈಗಿನ ತಿಳಿವಳಿಕೆಯಂತೆ, ಗುಳ್ಳೆ ಹುಟ್ಟುವಾಗಲೇ ಇರುವುದು ಬಹಳ ಅಪರೂಪ. ದುರ್ಬಲತೆಯ ಒಲವು ವಂಶದಿಂದ ಬರಬಹುದು, ಗುಳ್ಳೆ ಮಾತ್ರ ರಕ್ತದ ರಭಸ, ಅಧಿಕ ರಕ್ತದೊತ್ತಡ, ಧೂಮಪಾನ ಇವುಗಳಿಂದ ವರ್ಷಾನುಗಟ್ಟಲೆ ಕಾಲದಲ್ಲಿ ಮೂಡುತ್ತದೆ. ವಯಸ್ಕರಲ್ಲಿ ಸುಮಾರು ಶೇ. 3ರಷ್ಟು ಜನರಲ್ಲಿ ಒಡೆಯದ ಅನ್ಯೂರಿಸಂ ಇರುತ್ತದೆ, ಅವುಗಳಲ್ಲಿ ಹೆಚ್ಚಿನವು ಎಂದೂ ಒಡೆಯುವುದಿಲ್ಲ. ಸಣ್ಣವಕ್ಕೆ ವಾರ್ಷಿಕ ಅಪಾಯ ಶೇ. 1ಕ್ಕಿಂತ ಕಡಿಮೆ. ಗಾತ್ರ, ಜಾಗ, ವಯಸ್ಸು, ರಕ್ತದೊತ್ತಡ, ಹಿಂದೆ ಇನ್ನೊಂದು ಅನ್ಯೂರಿಸಂ ಒಡೆದಿತ್ತೇ ಎಂಬುದನ್ನೆಲ್ಲ ತೂಗಿ, ಕ್ಲಿಪ್ ಹಾಕುವುದೋ, ಪ್ಲಾಟಿನಂ ಸುರುಳಿ ತುಂಬುವುದೋ, ಬರೀ ನಿಗಾ ಇಡುವುದೋ ಎಂದು ನಿರ್ಧರಿಸುತ್ತಾರೆ. ಯಾವುದೇ ದಾರಿ ಹಿಡಿದರೂ ಸಿಗರೇಟು ಬಿಡುವುದು ಮತ್ತು ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು ತಪ್ಪಿದ್ದಲ್ಲ.

ಮೋಯಾಮೋಯಾ ಕಾಯಿಲೆ ಯಾವ ಗುಂಪಿಗೆ ಸೇರುತ್ತದೆ?

ಇದು ಗಡಿರೇಖೆಯ ಮೇಲಿದೆ. ಕೆರೋಟಿಡ್ ನಾಳಗಳ ತುದಿ ತಲೆಬುರುಡೆಯೊಳಗೆ ನಿಧಾನವಾಗಿ ಕಿರಿದಾಗುತ್ತಾ ಹೋಗುತ್ತದೆ, ಅದನ್ನು ತುಂಬಿಕೊಡಲು ತಳದಲ್ಲಿ ಹೊಗೆಯಂತೆ ಮಸುಕಾಗಿ ಕಾಣುವ ಸಣ್ಣ ಸಣ್ಣ ನಾಳಗಳ ಜಾಲ ಬೆಳೆಯುತ್ತದೆ. ಜಪಾನಿನಲ್ಲಿ 1957ರಲ್ಲಿ ಮೊದಲು ವರದಿಯಾದ ಈ ಕಾಯಿಲೆಗೆ 1969ರಲ್ಲಿ ಸುಜುಕಿ ಮತ್ತು ತಕಾಕು ಎಂಬ ವೈದ್ಯರು ಈ ಹೆಸರಿಟ್ಟರು. ಕಿರಿದಾಗುವುದು ಹುಟ್ಟಿದ ಮೇಲೆ, ಆದರೆ ಒಲವು ಜೀನ್‌ಗಳಲ್ಲಿರುತ್ತದೆ. ಪೂರ್ವ ಏಷ್ಯಾದ ರೋಗಿಗಳಲ್ಲಿ ಆರ್.ಎನ್.ಎಫ್.213 ಎಂಬ ಜೀನಿನ ಪಾತ್ರ 2011ರಲ್ಲಿ ಸ್ಪಷ್ಟವಾಯಿತು. ಡೌನ್ ಸಿಂಡ್ರೋಮ್, ನ್ಯೂರೋಫೈಬ್ರೊಮ್ಯಾಟೋಸಿಸ್, ಕುಡಗೋಲು ಕಣ ರೋಗ ಇರುವ ಮಕ್ಕಳಲ್ಲಿಯೂ ಇದೇ ಚಿತ್ರ ಕಾಣುತ್ತದೆ.

ಮಕ್ಕಳಲ್ಲಿ ಇದರ ಲಕ್ಷಣ ವಿಶಿಷ್ಟ. ಮಗು ಬಿಕ್ಕಿ ಬಿಕ್ಕಿ ಅತ್ತ ಮೇಲೆ, ಕೊಳಲೋ ಪೀಪಿಯೋ ಊದಿದ ಮೇಲೆ, ಬಿಸಿ ಆಹಾರವನ್ನು ಉಫ್ ಉಫ್ ಎಂದು ಆರಿಸಿಕೊಂಡ ಮೇಲೆ ಒಂದು ಕೈ ಸೋತುಹೋಗುತ್ತದೆ, ಮಾತು ತೊದಲುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಗುತ್ತದೆ. ಬೇಗ ಬೇಗ ಉಸಿರು ಬಿಟ್ಟಾಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ನಾಳಗಳು ಕುಗ್ಗುವುದೇ ಇದಕ್ಕೆ ಕಾರಣ. ಸರಿಹೋಯಿತಲ್ಲ ಎಂದು ಬಿಡುವುದು, ಅಥವಾ ಹಟಕ್ಕೆ ಮಾಡುತ್ತಿದೆ ಎಂದು ಗದರುವುದು ಅಪಾಯಕರ. ಇದು ಬರಲಿರುವ ಪಾರ್ಶ್ವವಾಯುವಿನ ಮುನ್ಸೂಚನೆ. ವಯಸ್ಕರಲ್ಲಿ ಆ ದುರ್ಬಲ ಜಾಲ ಒಡೆದು ರಕ್ತಸ್ರಾವವಾಗುವುದು ಮಕ್ಕಳಿಗಿಂತ ಹೆಚ್ಚು. ಕಿರಿದಾಗುವುದನ್ನು ನಿಲ್ಲಿಸುವ ಔಷಧಿ ಇಲ್ಲ. ನೆತ್ತಿಯ ಚರ್ಮದ ಅಪಧಮನಿಯನ್ನು ಮಿದುಳಿನ ನಾಳಕ್ಕೆ ನೇರವಾಗಿ ಹೊಲಿಯುವ, ಇಲ್ಲವೇ ಮಿದುಳಿನ ಮೇಲೆ ಹರಡಿ ಹೊಸ ನಾಳಗಳು ಮೂಡಲು ಬಿಡುವ ಬೈಪಾಸ್ ಶಸ್ತ್ರಚಿಕಿತ್ಸೆಯೇ ಮುಖ್ಯ ಪರಿಹಾರ. ಸೂಕ್ತ ಸಮಯದಲ್ಲಿ ಮಾಡಿದರೆ ಫಲ ಚೆನ್ನಾಗಿರುತ್ತದೆ.

ನವಜಾತ ಶಿಶುಗಳಲ್ಲಿ ಇಂಥ ದೋಷ ಗೊತ್ತಾಗುತ್ತದೆಯೇ?

ಗೇಲನ್ ಅಭಿಧಮನಿಯ ದೋಷ ಎಂಬ ಅಪರೂಪದ ಸ್ಥಿತಿ ಗರ್ಭದಲ್ಲಿರುವಾಗಲೇ ಸ್ಕ್ಯಾನಿನಲ್ಲಿ ಕಾಣಬಹುದು. ಹೆಸರು ಅಭಿಧಮನಿಯದಾದರೂ ಅಪಧಮನಿಗಳು ನೇರವಾಗಿ ಅದಕ್ಕೆ ರಕ್ತ ಸುರಿಯುವುದೇ ತೊಂದರೆ. ಆ ಹೊರೆಗೆ ಶಿಶುವಿನ ಹೃದಯ ಸೋಲುತ್ತದೆ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ತಲೆ ಬೇಗ ಬೇಗ ದೊಡ್ಡದಾಗುತ್ತದೆ. ಕೊಳವೆಯ ಮೂಲಕ ಮಾಡುವ ಎಂಬೊಲೈಸೇಶನ್ ಬಂದ ಮೇಲೆ ಈ ಮಕ್ಕಳ ಭವಿಷ್ಯ ಬಹಳ ಸುಧಾರಿಸಿದೆ.

ಎಂಥ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು?

ಮುಖ ಒಂದು ಕಡೆ ಜೋಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಹಠಾತ್ತನೆ ದೃಷ್ಟಿ ಹೋಗುವುದು, ತೂರಾಡುವುದು, ಇವು ಎಲ್ಲ ಬಗೆಯ ಪಾರ್ಶ್ವವಾಯುವಿಗೂ ಸಮಾನ. ನಾಳ ಒಡೆದಾಗ ಇವುಗಳ ಜೊತೆಗೆ, ಅಥವಾ ಇವು ಯಾವುವೂ ಇಲ್ಲದೆ, ಸಿಡಿಲು ಹೊಡೆದಂಥ ತಲೆನೋವು ಬರುತ್ತದೆ. ಕ್ಷಣಗಳಲ್ಲಿ ತಾರಕಕ್ಕೇರುವ ಈ ನೋವನ್ನು ಅನುಭವಿಸಿದವರು "ಜನ್ಮದಲ್ಲೇ ಇಂಥ ನೋವು ಕಂಡಿರಲಿಲ್ಲ" ಎನ್ನುತ್ತಾರೆ. ವಾಂತಿ, ಕತ್ತು ಬಿಗಿತ, ಪ್ರಜ್ಞೆ ತಪ್ಪುವುದು, ಫಿಟ್ಸ್ ಜೊತೆಗೂಡಬಹುದು. ಮೊದಲಿನಿಂದ ಮೈಗ್ರೇನ್ ಇರುವವರು ಇದನ್ನೂ ಮೈಗ್ರೇನ್ ಎಂದುಕೊಂಡು ಮಲಗಿಬಿಡುತ್ತಾರೆ. ಅನ್ಯೂರಿಸಂ ಒಮ್ಮೆ ಒಡೆದರೆ ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಗಳಲ್ಲೇ ಅತಿ ಹೆಚ್ಚು, ಆದ್ದರಿಂದ ನೋವು ಕಡಿಮೆಯಾದರೂ ಹೋಗಿ ತೋರಿಸಲೇಬೇಕು.

ಆಸ್ಪತ್ರೆಗೆ ಹೊರಡುವ ಮೊದಲು ಆಸ್ಪಿರಿನ್ ಕೊಡಬಹುದೇ?

ಕೊಡಬಾರದು. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಮಾಡದೆ ಯಾರಿಗೂ ತಿಳಿಯುವುದಿಲ್ಲ. ಒಡೆದಿದ್ದರೆ ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸಬಹುದು. ಬಾಯಿಗೆ ನೀರು, ಆಹಾರವನ್ನೂ ಹಾಕಬೇಡಿ, ನುಂಗಲು ಬಾರದೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಲಕ್ಷಣ ಶುರುವಾದ ಸಮಯವನ್ನು ಗುರುತು ಹಾಕಿಕೊಳ್ಳಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡುವುದರಿಂದ ಆ ಸಮಯವೇ ಚಿಕಿತ್ಸೆಯನ್ನು ನಿರ್ಧರಿಸುತ್ತದೆ. ಹಿಂದೆ ಎ.ವಿ.ಎಂ. ಅಥವಾ ಅನ್ಯೂರಿಸಂ ಇದೆಯೆಂದು ಗೊತ್ತಾಗಿದ್ದರೆ ಅದನ್ನು ಮೊದಲ ಮಾತಿನಲ್ಲೇ ವೈದ್ಯರಿಗೆ ಹೇಳಿ.

ಯಾವ ಪರೀಕ್ಷೆಗಳನ್ನು ಮಾಡುತ್ತಾರೆ?

ತುರ್ತಿನಲ್ಲಿ ಸಿ.ಟಿ., ಅದರ ಜೊತೆಗೆ ಸಿ.ಟಿ. ಆಂಜಿಯೋಗ್ರಾಂ. ನಿಗಾ ಇಡಲು ವಿಕಿರಣವಿಲ್ಲದ ಎಂ.ಆರ್. ಆಂಜಿಯೋಗ್ರಾಂ ಅನುಕೂಲ. ಆದರೆ ಎ.ವಿ.ಎಂ.ನ ಯಾವ ನಾಳ ರಕ್ತ ತರುತ್ತದೆ, ಯಾವುದು ಒಯ್ಯುತ್ತದೆ ಎಂಬುದನ್ನು ಕ್ಷಣಕ್ಷಣಕ್ಕೆ ತೋರಿಸುವುದು ಕೊಳವೆ ಹಾಕಿ ಮಾಡುವ ಡಿ.ಎಸ್.ಎ. ಆಂಜಿಯೋಗ್ರಾಂ ಮಾತ್ರ. ಪೋರ್ಚುಗಲ್‌ನ ಎಗಾಸ್ ಮೋನಿಜ್ 1927ರಲ್ಲಿ ಆರಂಭಿಸಿದ ವಿಧಾನದ ಸುಧಾರಿತ ರೂಪವಿದು. ಎಳೆಯರಿಗೆ ಕಾರಣ ತಿಳಿಯದ ಪಾರ್ಶ್ವವಾಯು ಮತ್ತೆ ಮತ್ತೆ ಬಂದರೆ ಕತ್ತಿನ ಕೆರೋಟಿಡ್‌ನ ಬುಡದಲ್ಲಿ, ಹಿಂಗೋಡೆಯಿಂದ ಒಳಕ್ಕೆ ಚಾಚಿರುವ ತೆಳುವಾದ ಪರದೆಯಂಥ ರಚನೆ ಇದೆಯೇ ಎಂದು ಹುಡುಕಬೇಕು. ಕೆರೋಟಿಡ್ ವೆಬ್ ಎಂಬ ಇದರ ಹಿಂದೆ ರಕ್ತ ಸುಳಿದು ನಿಂತು ಹೆಪ್ಪುಗಟ್ಟುತ್ತದೆ. ಅಲ್ಟ್ರಾಸೌಂಡಿನಲ್ಲಿ ಇದು ಕಣ್ತಪ್ಪುವುದು ಸುಲಭ.

ಮನೆಯ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕೇ?

ಒಬ್ಬರಿಗೆ ಒಂಟಿ ಎ.ವಿ.ಎಂ. ಇದ್ದ ಮಾತ್ರಕ್ಕೆ ಸಾಮಾನ್ಯವಾಗಿ ಬೇಡ. ಮನೆಯಲ್ಲಿ ಹಲವರಿಗೆ ಪದೇ ಪದೇ ಮೂಗಿನಿಂದ ರಕ್ತ ಸೋರುತ್ತಿದ್ದು, ತುಟಿ, ನಾಲಗೆ, ಬೆರಳ ತುದಿಗಳಲ್ಲಿ ಕೆಂಪು ಚುಕ್ಕೆಗಳಿದ್ದರೆ ಎಚ್.ಎಚ್.ಟಿ. ಎಂಬ ವಂಶವಾಹಿ ರೋಗವನ್ನು ಶಂಕಿಸಬೇಕು. ಅಂಥವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ನಾಳದೋಷ ಇರುತ್ತದೆ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ಇಬ್ಬರು ಅಥವಾ ಹೆಚ್ಚು ಮಂದಿಗೆ ಅನ್ಯೂರಿಸಂ ಇದ್ದರೆ ಉಳಿದವರಿಗೆ ಸ್ಕ್ಯಾನ್ ಸೂಕ್ತ. ಮೂತ್ರಪಿಂಡದಲ್ಲಿ ನೀರ್ಗುಳ್ಳೆಗಳಾಗುವ ವಂಶಪಾರಂಪರ್ಯ ಕಾಯಿಲೆ, ಮಹಾಪಧಮನಿ ಹುಟ್ಟಿನಿಂದ ಕಿರಿದಾಗಿರುವುದು, ಇವು ಇರುವವರಲ್ಲೂ ಅನ್ಯೂರಿಸಂ ಸಾಮಾನ್ಯರಿಗಿಂತ ಹೆಚ್ಚು.

ಗರ್ಭ ಧರಿಸಬಹುದೇ? ವ್ಯಾಯಾಮ ಮಾಡಬಹುದೇ?

ಹೆಚ್ಚಿನವರು ಎರಡನ್ನೂ ಮಾಡಬಹುದು. ದೋಷ ಮೊದಲೇ ಗೊತ್ತಿದ್ದರೆ ಗರ್ಭ ಧರಿಸುವ ಮುನ್ನ ನರತಜ್ಞರು ಹಾಗೂ ಪ್ರಸೂತಿ ತಜ್ಞರೊಂದಿಗೆ ಒಟ್ಟಿಗೆ ಮಾತಾಡಿ. ಒಡೆದ ಇತಿಹಾಸವಿದ್ದರೆ ಚಿಕಿತ್ಸೆ ಮುಗಿಸಿಕೊಂಡು ಗರ್ಭ ಧರಿಸುವುದು ಮೇಲು. ಎ.ವಿ.ಎಂ. ಇದೆ ಎಂದ ಮಾತ್ರಕ್ಕೆ ಸಿಸೇರಿಯನ್ ಕಡ್ಡಾಯವಲ್ಲ. ನಡಿಗೆ, ಈಜು, ಸೈಕಲ್ ಸರಿ. ಉಸಿರು ಬಿಗಿಹಿಡಿದು ಭಾರ ಎತ್ತುವುದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ಫಿಟ್ಸ್ ಬಂದಿದ್ದರೆ ವಾಹನ ಚಾಲನೆಗೂ ಒಂಟಿಯಾಗಿ ಈಜುವುದಕ್ಕೂ ಬೇರೆ ನಿಯಮ.

ಚಿಕಿತ್ಸೆ ಮುಗಿದ ಮೇಲೆ ಮತ್ತೆ ತೋರಿಸಿಕೊಳ್ಳಬೇಕೇ?

ಬೇಕು. ಎ.ವಿ.ಎಂ. ಪೂರ್ತಿ ಹೋಗಿದೆ ಎಂಬುದನ್ನು ಡಿ.ಎಸ್.ಎ. ಮಾಡಿ ಖಚಿತಪಡಿಸಿಕೊಳ್ಳುತ್ತಾರೆ; ಅರ್ಧಂಬರ್ಧ ಮುಚ್ಚಿದ ಗಂಟಿನಿಂದ ರಕ್ಷಣೆ ಸಿಗುವುದಿಲ್ಲ. ಮಕ್ಕಳಲ್ಲಿ ಪೂರ್ತಿ ಹೋದ ಗಂಟು ವರ್ಷಗಳ ಬಳಿಕ ಮರುಕಳಿಸಿದ್ದೂ ಇದೆ, ಆದ್ದರಿಂದ ಅವರಿಗೆ ದೊಡ್ಡವರಾಗುವ ತನಕ ಸ್ಕ್ಯಾನ್ ಮುಂದುವರಿಸುತ್ತಾರೆ. ಸುರುಳಿ ತುಂಬಿದ ಅನ್ಯೂರಿಸಂ ಒಳಗೆ ಸುರುಳಿ ಒತ್ತೊತ್ತಾಗಿ ಕುಗ್ಗಿ, ಆ ಗುಳ್ಳೆಯ ಬಾಯಿಯ ಭಾಗ ಮತ್ತೆ ತೆರೆದುಕೊಳ್ಳಬಹುದು. ಹಾಕಿದ ಕ್ಲಿಪ್ ಅಥವಾ ಸುರುಳಿಯ ವಿವರವಿರುವ ಕಾರ್ಡನ್ನು ಜೋಪಾನವಾಗಿಟ್ಟುಕೊಳ್ಳಿ: ಈಗಿನ ಟೈಟಾನಿಯಂ ಕ್ಲಿಪ್‌ಗಳು ಎಂ.ಆರ್.ಐ.ಗೆ ಸುರಕ್ಷಿತ, ಹಳೆಯ ಕಾಲದ ಕೆಲವು ಕ್ಲಿಪ್‌ಗಳು ಅಯಸ್ಕಾಂತಕ್ಕೆ ಸೆಳೆಯಲ್ಪಡುತ್ತವೆ, ಆ ಕಾರ್ಡು ನೋಡದೆ ಎಂ.ಆರ್.ಐ. ಕೋಣೆಯೊಳಗೆ ಬಿಡುವುದಿಲ್ಲ.